ಕಿತ್ತೂರು–ಸವದತ್ತಿ ಸೀಮೆಯ ದುರಂತ ಕಥನಗಳು

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲೂಕುಗಳಲ್ಲಿ ಹುಟ್ಟಿ, ಹಾಡು, ಆಟ, ಜಾತ್ರೆಯ ಆಚರಣೆ ಮತ್ತು ಅಚ್ಚಾದ ಪುಸ್ತಕಗಳ ಮೂಲಕ ಉಳಿದುಬಂದಿರುವ, ಸಾವು, ಸೆರೆ ಮತ್ತು ಸೇಡನ್ನು ವಸ್ತುವಾಗಿ ಉಳ್ಳ ಕಥೆಗಳಿಗೆ ಒಟ್ಟಾಗಿ ಈ ಹೆಸರು. ಸವದತ್ತಿ ಗುಡ್ಡದ ಯಲ್ಲಮ್ಮನ ಪುರಾಣ, ಬೆಳವಡಿ ಮಲ್ಲಮ್ಮನ ಕಥೆ, ಕಿತ್ತೂರು ಚೆನ್ನಮ್ಮ ಮತ್ತು ಸಂಗೊಳ್ಳಿ ರಾಯಣ್ಣನ ಲಾವಣಿಗಳು, ಸುರೇಬಾನದ ಕೊಲೆಯ ಕಥೆ ಹಾಗೂ ‘ಸಂಗ್ಯಾ ಬಾಳ್ಯಾ’ ಎಂಬ ಸಣ್ಣಾಟ ಇದರಲ್ಲಿ ಮುಖ್ಯವಾದವು. ಇವುಗಳ ಕಾಲ ಬೇರೆ, ಜಾತಿ ಬೇರೆ, ಹಾಡುವ ಮೇಳ ಬೇರೆ. ಆದರೂ ಒಂದು ಲಕ್ಷಣ ಹೆಚ್ಚಿನವುಗಳಲ್ಲಿ ಮರಳಿ ಮರಳಿ ಕಾಣುತ್ತದೆ: ಕೇಡು ಎಷ್ಟೇ ದೂರದಿಂದ ಹೊರಟಿರಲಿ, ಕೊನೆಯ ಏಟು ಬೀಳುವುದು ಹತ್ತಿರದವರ ಕೈಯಿಂದ. ಮಗ, ಗೆಳೆಯ, ಊರ ಗೌಡ, ಸಂಸ್ಥಾನದ ಉಪ್ಪು ತಿಂದ ಕಾರಭಾರಿ ಇಲ್ಲಿಯ ಕಥೆಗಳನ್ನು ಸಾವಿನ ಕಡೆಗೆ ತಿರುಗಿಸುವ ಪಾತ್ರಗಳು.

ಪರಿಭಾಷೆ

ಕನ್ನಡ ವಿಮರ್ಶೆಯಲ್ಲಿ ‘ದುರಂತ’ ಮತ್ತು ‘ರುದ್ರನಾಟಕ’ ಎಂಬ ಮಾತುಗಳು 20ನೆಯ ಶತಮಾನದಲ್ಲಿ ನೆಲೆಗೊಂಡವು. ಸಂಸ್ಕೃತ ನಾಟ್ಯಶಾಸ್ತ್ರ ನಾಯಕನ ಸಾವಿನಿಂದ ನಾಟಕ ಮುಗಿಸುವುದನ್ನು ಒಪ್ಪಿರಲಿಲ್ಲ. ಬಿ.ಎಂ. ಶ್ರೀಕಂಠಯ್ಯನವರು ರನ್ನನ ಕಾವ್ಯದಿಂದ ಎತ್ತಿಕೊಂಡ ‘ಗದಾಯುದ್ಧ ನಾಟಕಂ’, ಗ್ರೀಕ್ ಮಾದರಿಯಲ್ಲಿ ಬರೆದ ‘ಅಶ್ವತ್ಥಾಮನ್’ ನಾಟಕಗಳು ಈ ಕಟ್ಟನ್ನು ಶಿಷ್ಟ ರಂಗದಲ್ಲಿ ಮುರಿದವು. ಮಲಪ್ರಭಾ ನದಿಯ ದಂಡೆಯ ಲಾವಣಿಕಾರರಿಗೆ ಈ ನಿಷೇಧ ಇದ್ದ ಸುಳಿವೇ ಇಲ್ಲ. ಅವರ ಹಾಡುಗಳಲ್ಲಿ ನಾಯಕ ಗಲ್ಲಿಗೇರಿದ ಮೇಲೆಯೇ ಕವಿಯ ಅಂಕಿತ ಬರುತ್ತದೆ.

ಈ ಲೇಖನದಲ್ಲಿ ‘ಸೆರೆ’ ಎಂದರೆ ಅರಸು ಅಥವಾ ಸರಕಾರ ಒಬ್ಬರನ್ನು ಹಿಡಿದಿಡುವುದು. ‘ಒತ್ತೆ’ ಎಂದರೆ ಎದುರಾಳಿಯನ್ನು ಮಣಿಸಲು ಅವನ ಕಡೆಯ ಜನರನ್ನು ಇಟ್ಟುಕೊಳ್ಳುವುದು. ‘ಜೀತ’ ಸಾಲಕ್ಕೆ ದುಡಿಮೆಯನ್ನು ಕಟ್ಟಿಹಾಕುವ ಪದ್ಧತಿ. ‘ಮುತ್ತು ಕಟ್ಟುವುದು’ ಹೆಣ್ಣುಮಗುವನ್ನು ದೇವರ ಹೆಸರಿಗೆ ಬಿಡುವ ವಿಧಿ. ಹಾಡುಗಳಲ್ಲಿ ಇವೆಲ್ಲ ಒಂದರೊಳಗೊಂದು ಬೆರೆತಿದ್ದರೂ ಕಾನೂನಿನ ದೃಷ್ಟಿಯಲ್ಲಿ ಬೇರೆ ಬೇರೆ. ‘ಸೇಡು’ ಮತ್ತು ‘ಹಗೆ’ಗಳಿಗೂ ವ್ಯತ್ಯಾಸವಿದೆ. ಹಗೆ ಮನೆತನದಿಂದ ಮನೆತನಕ್ಕೆ ಸಾಗುತ್ತದೆ, ಸೇಡು ಒಂದು ಅವಮಾನಕ್ಕೆ ಒಂದು ಉತ್ತರವಾಗಿ ತೀರುತ್ತದೆ. ಈ ಸೀಮೆಯ ಕಥೆಗಳಲ್ಲಿ ಹೆಚ್ಚಾಗಿರುವುದು ಸೇಡು.

ಹಿನ್ನೆಲೆ

ನಾಲ್ಕೂ ತಾಲೂಕುಗಳ ಬದುಕು ಮಲಪ್ರಭಾ ನದಿ ಮತ್ತು ಅದಕ್ಕೆ ಸೇರುವ ಹಳ್ಳಗಳ ಸುತ್ತ ಬೆಳೆದದ್ದು. ಸುಗಂಧವರ್ತಿ ಎಂಬ ಹೆಸರಿನಿಂದ ಸವದತ್ತಿ ರಟ್ಟರ ರಾಜಧಾನಿಯಾಗಿತ್ತು. 16ನೆಯ ಶತಮಾನದ ಕೊನೆಯಿಂದ ಕಿತ್ತೂರಿನಲ್ಲಿ ದೇಸಾಯರು ಆಳಿದರು. ರಾಮದುರ್ಗ ಮತ್ತು ನರಗುಂದ ಭಾವೆ ಮನೆತನದ ಎರಡು ಶಾಖೆಗಳ ಕೈಯಲ್ಲಿದ್ದವು. ವಿಜಾಪುರ, ಮರಾಠರು, ಹೈದರ್ ಮತ್ತು ಟಿಪ್ಪು, ಪೇಶ್ವೆ, ಕೊನೆಗೆ ಈಸ್ಟ್ ಇಂಡಿಯಾ ಕಂಪನಿ ಹೀಗೆ ದೊಡ್ಡ ಸತ್ತೆಗಳು ಒಂದರ ಹಿಂದೆ ಒಂದು ಬಂದು ಹೋದ ಗಡಿ ನಾಡಿದು. ಇಂಥಲ್ಲಿ ಸಣ್ಣ ಸಂಸ್ಥಾನಿಕನಿಗೆ ಕಪ್ಪ ಕೊಡುವುದು ಎಷ್ಟು ಸಹಜವೋ ಸೆರೆ ಹೋಗುವುದೂ ಅಷ್ಟೇ ಸಹಜವಾಗಿತ್ತು. ಕಿತ್ತೂರಿನ ಮಲ್ಲಸರ್ಜ ದೇಸಾಯಿ ಎರಡು ಸಲ ಸೆರೆ ಕಂಡವನು. ಮೊದಲ ಸಲ ಟಿಪ್ಪುವಿನ ಸೈನ್ಯ ಅವನನ್ನು ಹಿಡಿದು ಕಬ್ಬಾಳದುರ್ಗದಲ್ಲಿ ಇಟ್ಟಿತು. ಎರಡನೆಯ ಸಲ ಎರಡನೆಯ ಬಾಜೀರಾಯ ಪುಣೆಯಲ್ಲಿ ಹಿಡಿದಿಟ್ಟ. ಆ ಸೆರೆಯಿಂದ ಬಿಡುಗಡೆಯಾಗಿ ಬರುವಾಗ ದೇಹ ಸೋತು 1816ರಲ್ಲಿ ತೀರಿಕೊಂಡ. ಅವನ ಹೆಂಡತಿ ಚೆನ್ನಮ್ಮನ ಕಥೆ ಅಲ್ಲಿಂದ ಶುರುವಾಗುತ್ತದೆ.

ಕಂಪನಿ ಸರಕಾರ ಬಂದ ಮೇಲೆ ಜಗಳದ ಕಾರಣಗಳು ಬದಲಾದವು. ದತ್ತಕಕ್ಕೆ ಒಪ್ಪಿಗೆ ಇಲ್ಲ, ಇನಾಮು ಜಮೀನು ಜಪ್ತಿ, ಕೈಯಲ್ಲಿರುವ ಆಯುಧ ಒಪ್ಪಿಸಬೇಕು ಎಂಬ ಹುಕುಮುಗಳು ಒಂದಾದ ಮೇಲೊಂದು ಹೊರಟವು. 19ನೆಯ ಶತಮಾನದ ದುರಂತ ಕಥೆಗಳ ಬೇರು ಈ ಮೂರು ಹುಕುಮುಗಳಲ್ಲಿದೆ.

ಪ್ರಕಾರಗಳು

ಲಾವಣಿ ಒಂದೇ ಘಟನೆಯನ್ನು ಆದಿಯಿಂದ ಅಂತ್ಯದವರೆಗೆ ಹೇಳುವ ಕಥನಗೀತೆ. ಕೊನೆಯಲ್ಲಿ ಕವಿಯ ಊರು ಮತ್ತು ಹೆಸರು ಅಂಕಿತವಾಗಿ ಬರುತ್ತವೆ. ಸಾಮಾನ್ಯವಾಗಿ ಊರು ಮೊದಲು, ಹೆಸರು ಆಮೇಲೆ. ಗೀಗೀ ಪದ ಲಾವಣಿಯ ಮುಂದುವರಿಕೆ. ರಾಮದುರ್ಗ ತಾಲೂಕಿನ ಹುಲಕುಂದ ಈ ಪ್ರಕಾರದ ತವರು ಎಂದೇ ಹೆಸರಾಗಿದೆ, ಅಲ್ಲಿಯ ಭೀಮಕವಿ ಅದರ ಪ್ರಮುಖ ಕವಿ. ಮುಮ್ಮೇಳದ ಹಾಡುಗಾರ ದಪ್ಪು ಹಿಡಿದು ನುಡಿ ಎತ್ತುತ್ತಾನೆ. ಹಿಂದೆ ನಿಂತವರು ತುಂತುಣಿ ಮತ್ತು ತಾಳದೊಂದಿಗೆ ‘ಗೀಯ ಗೀಯ’ ಎಂದು ಸೊಲ್ಲು ಹಿಡಿಯುತ್ತಾರೆ. ಹರದೇಶಿ ಮೇಳ ಗಂಡು ಮೇಲೆಂದು, ನಾಗೇಶಿ ಮೇಳ ಹೆಣ್ಣು ಮೇಲೆಂದು ವಾದ ಹೂಡಿ ಬೆಳಗಿನ ತನಕ ಸವಾಲ್–ಜವಾಬ್ ನಡೆಸುವುದುಂಟು. ಈ ವಾದದ ನಡುವೆ ಪುರಾವೆ ಎಂಬಂತೆ ರೇಣುಕೆ ಅಥವಾ ಚೆನ್ನಮ್ಮನ ಕಥೆಯನ್ನು ಹಾಡುವುದರಿಂದ ಒಂದೇ ಕಥೆಗೆ ಎರಡು ತೀರ್ಪು ಸಿಗುತ್ತದೆ.

ಸಣ್ಣಾಟ ಉತ್ತರ ಕರ್ನಾಟಕದ ಬಯಲಾಟಗಳಲ್ಲಿ ಒಂದು. ದೊಡ್ಡಾಟದ ಕಿರೀಟ, ಭುಜಕೀರ್ತಿ, ಅಬ್ಬರದ ಕುಣಿತ ಇದರಲ್ಲಿಲ್ಲ. ಪಾತ್ರಧಾರಿಗಳು ಧೋತರ, ಅಂಗಿ, ರುಮಾಲು, ಇಳಕಲ್ಲ ಸೀರೆಯಲ್ಲಿಯೇ ಬರುತ್ತಾರೆ. ದಪ್ಪು ಮುಖ್ಯ ವಾದ್ಯವಾದ್ದರಿಂದ ‘ದಪ್ಪಿನಾಟ’ ಎಂಬ ಹೆಸರೂ ಇದೆ. ಹಾರ್ಮೋನಿಯಂ ಆಮೇಲೆ ಸೇರಿತು. ಆಟಕ್ಕೆ ಮೊದಲು ದಪ್ಪಿನ ಚರ್ಮವನ್ನು ಹುಲ್ಲಿನ ಬೆಂಕಿಗೆ ಹಿಡಿದು ಕಾಯಿಸುತ್ತಾರೆ. ಇಬ್ಬನಿ ಬೀಳುವ ರಾತ್ರಿಯಲ್ಲಿ ಚರ್ಮ ಸಡಿಲಾಗಿ ನಾದ ಬೀಳುವುದರಿಂದ ನಡುವೆಯೂ ಒಬ್ಬ ಎದ್ದು ಹೋಗಿ ಕಾಯಿಸಿಕೊಂಡು ಬರುತ್ತಾನೆ. ಆ ಹೊತ್ತಿನಲ್ಲಿ ಪಾತ್ರಗಳು ಹಾಡು ಬಿಟ್ಟು ಮಾತಿನಲ್ಲಿ ಕಥೆ ನಡೆಸುತ್ತವೆ.

ಚೌಡಿಕೆ ಪದ ಯಲ್ಲಮ್ಮನ ಜೋಗತಿಯರು ಮತ್ತು ಜೋಗಪ್ಪಗಳು ಹಾಡುವ ಪ್ರಕಾರ. ಚೌಡಿಕೆ ಒಂದೇ ತಂತಿಯ ವಾದ್ಯ. ಅದರ ತಂತಿಯನ್ನು ಬಿಗಿದು ಸಡಿಲಿಸಿದಾಗ ಹೊರಡುವ ಏರಿಳಿತದ ನಾದ ಹಾಡಿನ ಅಳುವಿನ ಭಾಗಕ್ಕೆ ಹೇಳಿ ಮಾಡಿಸಿದಂತಿದೆ.

ಯಲ್ಲಮ್ಮನ ಕಥೆ

ಸವದತ್ತಿಯ ಸಮೀಪದ ಯಲ್ಲಮ್ಮನ ಗುಡ್ಡ ಈ ಸೀಮೆಯ ಅತ್ಯಂತ ಹಳೆಯ ದುರಂತ ಕಥೆಯ ನೆಲೆ. ರೇಣುಕೆ ಜಮದಗ್ನಿಯ ಹೆಂಡತಿ. ದಿನವೂ ಹೊಳೆಗೆ ಹೋಗಿ ಮರಳಿನಲ್ಲಿ ಕೊಡ ಮಾಡಿ, ಹಾವನ್ನು ಸಿಂಬೆ ಸುತ್ತಿ ನೀರು ತರುವ ಶಕ್ತಿ ಅವಳಿಗಿತ್ತು. ಒಂದು ದಿನ ಗಂಧರ್ವರ ಜಲಕ್ರೀಡೆ ನೋಡಿ ಮನಸ್ಸು ಚಂಚಲವಾದುದರಿಂದ ಕೊಡ ಕಟ್ಟಲಿಲ್ಲ. ಜಮದಗ್ನಿ ತಾಯಿಯ ತಲೆ ಕಡಿಯಲು ಮಕ್ಕಳಿಗೆ ಹೇಳಿದ. ಹಿರಿಯ ಮಕ್ಕಳು ಒಪ್ಪಲಿಲ್ಲ, ಪರಶುರಾಮ ಕಡಿದ. ತಂದೆ ಮೆಚ್ಚಿ ಕೊಟ್ಟ ವರದಿಂದಲೇ ತಾಯಿಯನ್ನು ಬದುಕಿಸಿಕೊಂಡ. ಜನಪದ ಪಾಠಗಳಲ್ಲಿ ಮಾತಂಗಿ ಎಂಬ ಹೆಣ್ಣಿನ ತಲೆ ರೇಣುಕೆಯ ಮುಂಡಕ್ಕೆ ಸೇರಿತೆಂಬ ಮಾತು ಬರುತ್ತದೆ. ಗುಡ್ಡದಲ್ಲಿ ಮಾತಂಗಿಗೂ ಪರಶುರಾಮನಿಗೂ ಗುಡಿಗಳಿವೆ.

ಕಥೆಯ ಎರಡನೆಯ ಭಾಗ ಸೇಡಿನದು. ಕಾರ್ತವೀರ್ಯಾರ್ಜುನ ಆಶ್ರಮದ ಕಾಮಧೇನುವಿಗೆ ಆಸೆಪಟ್ಟುದರಿಂದ ಹುಟ್ಟಿದ ಹಗೆಯಲ್ಲಿ ಜಮದಗ್ನಿಯ ಕೊಲೆಯಾಗುತ್ತದೆ. ಪರಶುರಾಮ 21 ಸಲ ಭೂಮಿ ಸುತ್ತಿ ಕ್ಷತ್ರಿಯರನ್ನು ಕೊಲ್ಲುತ್ತಾನೆ. ಪುರಾಣದ ಪಂಡಿತರಿಗೆ ಈ ಎರಡನೆಯ ಭಾಗ ದೊಡ್ಡದು. ಗುಡ್ಡದ ಭಕ್ತರಿಗೆ ಹಾಗಲ್ಲ, ಅವರ ಕ್ಯಾಲೆಂಡರ್ ವಿಧವೆಯ ದುಃಖದ ಸುತ್ತ ನಿಂತಿದೆ. ಹೊಸ್ತಿಲ ಹುಣ್ಣಿಮೆಗೆ ದೇವಿ ವಿಧವೆಯಾಗುತ್ತಾಳೆ. ಆ ದಿನ ಬಳೆ ಒಡೆಯುವ ಆಚರಣೆ ನಡೆಯುತ್ತದೆ, ಜನ ಅದನ್ನು ‘ರಂಡಿ ಹುಣ್ಣಿವಿ’ ಎನ್ನುತ್ತಾರೆ. ಭಾರತ ಹುಣ್ಣಿಮೆಗೆ ದೇವಿ ಮತ್ತೆ ಮುತ್ತೈದೆ. ನಡುವಿನ ಬನದ ಹುಣ್ಣಿಮೆಗೂ ಜಾತ್ರೆ ಕೂಡುತ್ತದೆ. ಚಕ್ಕಡಿ, ಟ್ರ್ಯಾಕ್ಟರ್, ಬಸ್ಸುಗಳಲ್ಲಿ ಮಹಾರಾಷ್ಟ್ರ, ತೆಲಂಗಾಣ, ಗೋವಾಗಳಿಂದಲೂ ಜನ ‘ಉಧೋ ಉಧೋ’ ಎನ್ನುತ್ತ ಬಂದು ಭಂಡಾರ ತೂರುತ್ತಾರೆ. ದುರಂತವನ್ನು ರಂಗದ ಮೇಲೆ ತೋರಿಸದೆ ಹುಣ್ಣಿಮೆಗಳ ಲೆಕ್ಕದಲ್ಲಿ ಬದುಕಿಸಿ ಇಟ್ಟುಕೊಂಡಿರುವುದು ಈ ಕಥೆಯ ವಿಶೇಷ.

ಇದೇ ದೇವಿಯ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಕೆಂಪು–ಬಿಳಿ ಮಣಿಯ ಮುತ್ತು ಕಟ್ಟಿ ಬಿಡುವ ಪದ್ಧತಿ ಬೆಳೆಯಿತು. ಹೀಗೆ ಬಿಟ್ಟವರಲ್ಲಿ ಹೆಚ್ಚಿನವರು ದಲಿತ ಮನೆತನಗಳ ಹುಡುಗಿಯರು. ಮನೆಯಲ್ಲಿ ಗಂಡು ಸಂತಾನವಿಲ್ಲ, ಮಗುವಿಗೆ ಜಡೆಗಟ್ಟಿದೆ, ಬೇನೆ ಬಿಟ್ಟಿಲ್ಲ ಎಂಬ ಕಾರಣಗಳು ಹರಕೆಗೆ ಸಾಕಾಗುತ್ತಿದ್ದವು. ದೇವರಿಗೆ ಬಿಟ್ಟ ಹುಡುಗಿಗೆ ಮದುವೆ ಇರಲಿಲ್ಲ. ಊರಿನ ಉಳ್ಳವರ ವಶದಲ್ಲಿ ಬದುಕಬೇಕಿತ್ತು, ಅವಳ ಮಕ್ಕಳಿಗೆ ತಂದೆಯ ಹೆಸರಿರಲಿಲ್ಲ. 1934ರ ಮುಂಬಯಿ ಕಾಯಿದೆ ಇದನ್ನು ಮೊದಲು ತಡೆಯಲು ನೋಡಿತು. 1982ರ ಕರ್ನಾಟಕ ದೇವದಾಸಿ ಸಮರ್ಪಣೆ ನಿಷೇಧ ಕಾಯಿದೆ ಸಮರ್ಪಣೆಯನ್ನು ಅಪರಾಧವೆಂದು ಸಾರಿತು. ಯಲ್ಲಮ್ಮನ ಪುರಾಣ ಸಮರ್ಪಣೆಗೆ ಆಧಾರವೆಂದು ಹೇಳುವ ರೂಢಿ ಇದ್ದರೂ ರೇಣುಕೆಯ ಕಥೆಯಲ್ಲಿ ಎಲ್ಲಿಯೂ ಹೆಣ್ಣುಮಗುವನ್ನು ದೇವರಿಗೆ ಬಿಡುವ ಪ್ರಸಂಗವಿಲ್ಲ. ಕಥೆ ಬೇರೆ, ಅದರ ಹೆಸರಿನಲ್ಲಿ ಬೆಳೆದ ಬಂಧನ ಬೇರೆ ಎಂಬುದನ್ನು ಗಮನಿಸಬೇಕು.

ಬೆಳವಡಿ ಮತ್ತು ಕಿತ್ತೂರು

ಬೈಲಹೊಂಗಲ ತಾಲೂಕಿನ ಬೆಳವಡಿಯ ಮಲ್ಲಮ್ಮ, ಗಂಡ ಈಶಪ್ರಭು ಸತ್ತ ಮೇಲೆ ಶಿವಾಜಿಯ ಸೈನ್ಯದ ಎದುರು ಹೋರಾಟ ಮುಂದುವರಿಸಿದಳು. ಇದು 1670ರ ದಶಕದ ಉತ್ತರಾರ್ಧದ ಘಟನೆ, ಶಿವಾಜಿ ದಕ್ಷಿಣ ದಿಗ್ವಿಜಯದಿಂದ ಮರಳುತ್ತಿದ್ದ ಕಾಲ. ಸೆರೆಸಿಕ್ಕ ಮಲ್ಲಮ್ಮನನ್ನು ಶಿವಾಜಿ ಗೌರವದಿಂದ ಬಿಟ್ಟುಕೊಟ್ಟನೆಂದು ಕನ್ನಡದ ಮತ್ತು ಮರಾಠಿಯ ಕಥನಗಳೆರಡೂ ಹೇಳುತ್ತವೆ. ಧಾರವಾಡ ಸಮೀಪದ ಯಾದವಾಡದಲ್ಲಿರುವ ಶಿಲ್ಪ ಈ ಪ್ರಸಂಗಕ್ಕೆ ಸಂಬಂಧಿಸಿದ್ದೆಂದು ಗುರುತಿಸಲಾಗಿದೆ. ಈ ಗುಂಪಿನಲ್ಲಿ ಸೆರೆ ಸಂಧಾನದಲ್ಲಿ ಮುಗಿಯುವ ಕಥೆ ಇದೊಂದೇ.

ಕಿತ್ತೂರಿನ ಕಥೆಯಲ್ಲಿ ಸಂಧಾನ ಕೈಗೂಡಲಿಲ್ಲ. ಮಲ್ಲಸರ್ಜನ ಮಗ ಶಿವಲಿಂಗರುದ್ರಸರ್ಜ 1824ರ ಸೆಪ್ಟೆಂಬರ್‌ನಲ್ಲಿ ಮಕ್ಕಳಿಲ್ಲದೆ ಸತ್ತ. ಮಾಸ್ತಮರಡಿಯ ಹುಡುಗನೊಬ್ಬನನ್ನು ದತ್ತಕ ತೆಗೆದುಕೊಂಡುದನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪದೆ ಭಂಡಾರಕ್ಕೆ ಮುದ್ರೆ ಹಾಕಿಸಿದ. 1824ರ ಅಕ್ಟೋಬರ್ 23ರಂದು ಕೋಟೆಯ ಬಾಗಿಲು ತೆರೆದು ನುಗ್ಗಿದ ಕಿತ್ತೂರಿನ ಪಡೆಯ ಎದುರು ಥ್ಯಾಕರೆ ಸತ್ತ. ಅವನನ್ನು ಹೊಡೆದವನು ಅಮಟೂರು ಬಾಳಪ್ಪ ಎಂಬುದು ಪರಂಪರೆಯ ಮಾತು. ಎಲಿಯಟ್ ಮತ್ತು ಸ್ಟೀವನ್‌ಸನ್ ಎಂಬ ಇಬ್ಬರು ಅಧಿಕಾರಿಗಳು ಕಿತ್ತೂರಿನಲ್ಲಿ ಒತ್ತೆಯಾಳುಗಳಾದರು. ಅವರನ್ನು ಬಿಟ್ಟುಕೊಟ್ಟರೆ ಯುದ್ಧ ನಿಲ್ಲುವುದೆಂಬ ನಂಬಿಕೆಯಿಂದ ಬಿಟ್ಟುಕೊಡಲಾಯಿತು. ಯುದ್ಧ ನಿಲ್ಲಲಿಲ್ಲ, ಡಿಸೆಂಬರ್ ಮೊದಲ ವಾರದಲ್ಲಿ ಕೋಟೆ ಬಿತ್ತು. ಲಾವಣಿಗಳು ಸೋಲಿನ ಹೊಣೆಯನ್ನು ಮಲ್ಲಪ್ಪ ಶೆಟ್ಟಿ ಮತ್ತು ವೆಂಕಟರಾಯ ಎಂಬ ಇಬ್ಬರು ಕಾರಭಾರಿಗಳ ಮೇಲೆ ಹೊರಿಸುತ್ತವೆ.

ಚೆನ್ನಮ್ಮನನ್ನು ಸೊಸೆಯಂದಿರೊಂದಿಗೆ ಬೈಲಹೊಂಗಲದ ಕೋಟೆಯಲ್ಲಿ ಇರಿಸಲಾಯಿತು. 1829ರ ಫೆಬ್ರವರಿಯಲ್ಲಿ ಅಲ್ಲಿಯೇ ತೀರಿಕೊಂಡಳು, ಸಮಾಧಿ ಊರಿನಲ್ಲಿಯೇ ಇದೆ. ನಾಲ್ಕು ವರ್ಷಕ್ಕೂ ಮೀರಿದ ಈ ಸೆರೆವಾಸವನ್ನು ನಾಟಕ ಮತ್ತು ಸಿನಿಮಾಗಳು ಬೇಗ ದಾಟಿಬಿಡುತ್ತವೆ. ಹೆಣ್ಣುಮಕ್ಕಳ ಹಾಡುಗಳು ಹಾಗೆ ಮಾಡುವುದಿಲ್ಲ. ಅವು ಅತ್ತೆ–ಸೊಸೆಯರ ಅಳಲಿನ ಮೇಲೆಯೇ ನಿಲ್ಲುತ್ತವೆ. ಸೊಸೆ ವೀರವ್ವನ ಮೇಲೆಯೂ ಒಂದು ಲಾವಣಿ ಹುಟ್ಟಿದೆ.

ಸಂಗೊಳ್ಳಿ ರಾಯಣ್ಣ

ಸೆರೆಯಲ್ಲಿದ್ದ ರಾಣಿಯ ಪರವಾಗಿ ಸೇಡು ತೀರಿಸಿದವನಾಗಿ ಲಾವಣಿಗಳಲ್ಲಿ ಬರುವವನು ರಾಯಣ್ಣ. ಬೈಲಹೊಂಗಲ ತಾಲೂಕಿನ ಸಂಗೊಳ್ಳಿಯ ಕುರುಬ ಮನೆತನದವನು, ಊರ ಕಾವಲಿನ ವಾಲಿಕಾರಿಕೆ ಅವರ ಹಕ್ಕು. ಆ ಹಕ್ಕಿಗೆ ಬಿಟ್ಟ ಜಮೀನಿನ ಮೇಲೆ ಸರಕಾರ ಕೈಯಿಟ್ಟದ್ದು ದಂಗೆಯ ನೇರ ಕಾರಣಗಳಲ್ಲಿ ಒಂದು. ಹಾಡುಗಳು ಇದನ್ನು ಇನ್ನೂ ಹತ್ತಿರಕ್ಕೆ ತರುತ್ತವೆ. ಕಂದಾಯ ಬಾಕಿಗಾಗಿ ಕುಲಕರ್ಣಿ ತಾಯಿ ಕೆಂಚವ್ವನ ಬೆನ್ನ ಮೇಲೆ ಕಲ್ಲು ಹೇರಿ ನಿಲ್ಲಿಸಿದನೆಂಬ ಪ್ರಸಂಗ ಹೆಚ್ಚಿನ ಪಾಠಗಳಲ್ಲಿದೆ. ಚರಿತ್ರೆಯ ದಂಗೆ ದತ್ತಕಪುತ್ರನ ಹೆಸರಿನಲ್ಲಿ ನಡೆಯಿತು, ಹಾಡಿನ ದಂಗೆ ಅವ್ವನ ಬೆನ್ನಿನ ಕಲ್ಲಿನಿಂದ ಹುಟ್ಟಿತು. ಕೇಳುಗರ ನೆನಪಿನಲ್ಲಿ ಗೆದ್ದಿರುವುದು ಎರಡನೆಯದು.

1829–30ರಲ್ಲಿ ರಾಯಣ್ಣನ ಪಡೆ ಬೀಡಿ, ನಂದಗಡ, ಖಾನಾಪುರ, ಸಂಪಗಾವಿಗಳ ಮೇಲೆ ಬಿದ್ದು ಸರಕಾರಿ ಕಚೇರಿ ಸುಟ್ಟಿತು. ದಪ್ತರು ಸುಟ್ಟರೆ ಸಾಲ ಮತ್ತು ಕಂದಾಯದ ಲೆಕ್ಕವೂ ಸುಡುತ್ತದೆ ಎಂಬ ಲೆಕ್ಕಾಚಾರ ಇದರ ಹಿಂದಿತ್ತು. ಬಿಚ್ಚುಗತ್ತಿ ಚನ್ನಬಸಪ್ಪ ಮತ್ತು ಗಜವೀರ ಅವನ ಸಂಗಡಿಗರು. ಗಜವೀರ ಸಿದ್ದಿ ಜನಾಂಗದವನು. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕದಿಂದ ಗೋವಾಕ್ಕೆ ಗುಲಾಮರಾಗಿ ಬಂದು, ತಪ್ಪಿಸಿಕೊಂಡು ಅಥವಾ ಬಿಡುಗಡೆಯಾಗಿ ಖಾನಾಪುರ, ಹಳಿಯಾಳ, ಯಲ್ಲಾಪುರದ ಕಾಡಿನಲ್ಲಿ ನೆಲೆಸಿದವರ ಸಂತತಿಯವರು ಸಿದ್ದಿಗಳು. ಅಕ್ಷರಶಃ ಗುಲಾಮಗಿರಿಯ ಚರಿತ್ರೆ ಈ ಕಥೆಗಳೊಳಗೆ ಕಾಲಿಡುವುದು ಗಜವೀರನ ಪಾತ್ರದ ಮೂಲಕ. ಲಾವಣಿಗಳು ಅವನ ಮೈಬಣ್ಣ ಮತ್ತು ಬಲವನ್ನು ಹೊಗಳುತ್ತವೆ, ಅವನ ಹಿರಿಯರು ಹೇಗೆ ಇಲ್ಲಿಗೆ ಬಂದರೆಂಬುದನ್ನು ಹೇಳುವುದಿಲ್ಲ.

1830ರ ಏಪ್ರಿಲ್‌ನಲ್ಲಿ ಡೋರಿ ಹಳ್ಳದಲ್ಲಿ ಸ್ನಾನಕ್ಕಿಳಿದಾಗ ರಾಯಣ್ಣ ಸೆರೆಸಿಕ್ಕ. ಅವನ ಕತ್ತಿ ದಂಡೆಯ ಮೇಲೆ, ನಂಬಿದವನ ಕೈಯಲ್ಲಿತ್ತು. ಒಳಗಿದ್ದು ಹಿಡಿದುಕೊಟ್ಟವರಲ್ಲಿ ಖೋದಾನಪುರದ ಲಿಂಗನಗೌಡ ಮತ್ತು ನೇಗಿನಹಾಳದ ವೆಂಕನಗೌಡರ ಹೆಸರು ಪರಂಪರೆಯಲ್ಲಿ ಉಳಿದಿದೆ. 1831ರ ಜನವರಿ 26ರಂದು ನಂದಗಡದಲ್ಲಿ ಆಲದ ಮರಕ್ಕೆ ಗಲ್ಲಿಗೇರಿಸಲಾಯಿತು. ಈಗಲೂ ನಂದಗಡದ ಆಲದ ಕೊಂಬೆಗಳಿಗೆ ಮಕ್ಕಳಾಗದ ಹೆಣ್ಣುಮಕ್ಕಳು ಪುಟ್ಟ ತೊಟ್ಟಿಲು ಕಟ್ಟಿ ಹರಕೆ ಹೊರುತ್ತಾರೆ.

ಸುರೇಬಾನದ ಕಥೆ

ರಾಮದುರ್ಗ ತಾಲೂಕಿನ ಸುರೇಬಾನದಲ್ಲಿ 1858ರ ಮೇ 29ರ ರಾತ್ರಿ ಕಂಪನಿಯ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನ ಕೊಲೆಯಾಯಿತು. ಕೊಲ್ಲಿಸಿದವನು ನರಗುಂದದ ಭಾಸ್ಕರರಾವ್ ಭಾವೆ, ಜನಬಳಕೆಯಲ್ಲಿ ಬಾಬಾಸಾಹೇಬ. ದತ್ತಕದ ಅರ್ಜಿ ತಿರಸ್ಕಾರವಾದುದು ಅವನ ಮನಸ್ಸಿನಲ್ಲಿ ಕುದಿಯುತ್ತಿತ್ತು. ರಾಮದುರ್ಗದ ಅರಸ ಅವನ ಅಣ್ಣತಮ್ಮಂದಿರ ಸಂಬಂಧದವನು, ಬ್ರಿಟಿಷರ ಕಡೆಗಿದ್ದ. ಮ್ಯಾನ್ಸನ್‌ನ ತಲೆಯನ್ನು ನರಗುಂದದ ಅಗಸಿಗೆ ತೂಗುಹಾಕಿದರು, ಅದನ್ನು ಇಂದಿಗೂ ಕೆಂಪಗಸಿ ಎನ್ನುತ್ತಾರೆ. ಕೆಲವೇ ದಿನಗಳಲ್ಲಿ ಕೋಟೆ ಬಿತ್ತು, ಬಾಬಾಸಾಹೇಬ ತೊರಗಲ್ಲಿನ ಕಡೆಯ ಕಾಡಿನಲ್ಲಿ ಸಿಕ್ಕ, ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲು. ತಾಯಿ ಮತ್ತು ಹೆಂಡತಿ ಮಲಪ್ರಭೆಗೆ ಹಾರಿಕೊಂಡರು. ಹದಿನೈದೇ ದಿನದಲ್ಲಿ ಮುಗಿದ ಈ ಸೇಡು ಲಾವಣಿಗೆ ಹೇಳಿ ಮಾಡಿಸಿದಂಥ ವಸ್ತು. ಆದರೂ ರಾಯಣ್ಣನಷ್ಟು ಹಾಡುಗಳು ಬಾಬಾಸಾಹೇಬನ ಮೇಲೆ ಹುಟ್ಟಲಿಲ್ಲ. ಲಾವಣಿಯ ಮೇಳಗಳು ಒಕ್ಕಲು ಮತ್ತು ದುಡಿಯುವ ಜಾತಿಗಳವು, ಅವರಿಗೆ ವಾಲಿಕಾರನ ಮಗ ಅರಮನೆಯವನಿಗಿಂತ ಹತ್ತಿರದವನು.

ಇದರ ಹಿಂದಿನ ವರ್ಷ ಮುಧೋಳ ಸಮೀಪದ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿ ಸತ್ತ ಕಥೆಯನ್ನು ಹೇಳುವ ಲಾವಣಿ ಕುರ್ತಕೋಟಿ ಕಲ್ಮೇಶನ ಅಂಕಿತದಲ್ಲಿದೆ. ಅದು ಈ ಸೀಮೆಯ ಪಕ್ಕದ್ದಾದರೂ ಇಲ್ಲಿಯ ಮೇಳಗಳ ಹಾಡುಪಟ್ಟಿಯಲ್ಲಿ ಸೇರಿದೆ. ಎಂಟು ದಶಕಗಳ ನಂತರ, 1939ರ ಏಪ್ರಿಲ್‌ನಲ್ಲಿ, ಪ್ರಜಾಸಂಘದ ಚಳವಳಿ ರಾಮದುರ್ಗದಲ್ಲಿ ರಕ್ತಪಾತಕ್ಕೆ ತಿರುಗಿ ಪೊಲೀಸರು ಸತ್ತಾಗ ಪತ್ರಿಕೆಗಳು ಅದನ್ನು ‘ರಾಮದುರ್ಗ ದುರಂತ’ ಎಂದವು. ವಿಮರ್ಶೆಯ ಮಾತು ಅಷ್ಟರಲ್ಲಿ ಸುದ್ದಿಯ ಮಾತೂ ಆಗಿತ್ತು.

ಸಂಗ್ಯಾ ಬಾಳ್ಯಾ

ಮೇಲಿನ ಕಥೆಗಳಲ್ಲಿ ಅರಸು, ಸರಕಾರ ಅಥವಾ ದೇವರು ಇದ್ದಾರೆ. ‘ಸಂಗ್ಯಾ ಬಾಳ್ಯಾ’ದಲ್ಲಿ ಅವರಾರೂ ಇಲ್ಲ. ಇದು ಪೇಟೆಯ ಓಣಿಯ ಕಥೆ, ಮತ್ತು ರಚನೆಯ ಬಿಗಿಯಲ್ಲಿ ಈ ಗುಂಪಿನ ಶ್ರೇಷ್ಠ ಕೃತಿ. 19ನೆಯ ಶತಮಾನದಲ್ಲಿ ಬೈಲಹೊಂಗಲದಲ್ಲಿ ನಡೆದ ಕೊಲೆಯೊಂದು ಇದರ ಮೂಲ. ಮೊದಲು ಲಾವಣಿಯಾಗಿ ಹರಡಿ, ಆಮೇಲೆ ಸಣ್ಣಾಟವಾಯಿತು. ಆಟದ ಪಾಠವನ್ನು ಹೊಂದಿಸಿದವರೆಂದು ಪತ್ತಾರ ಮಾಸ್ತರರ ಹೆಸರು ಬಳಕೆಯಲ್ಲಿದೆ.

ಸಂಗ್ಯಾ ಉಳ್ಳ ಮನೆಯ ತರುಣ. ಬಾಳ್ಯಾ ಅವನ ಜೀವದ ಗೆಳೆಯ, ಆದರೆ ಬಡವ. ವ್ಯಾಪಾರಿ ಈರಣ್ಣನ ಹೆಂಡತಿ ಗಂಗಿಯ ಮೇಲೆ ಸಂಗ್ಯಾನ ಮನಸ್ಸು ಬೀಳುತ್ತದೆ. ಪಾರಮ್ಮ ಎಂಬ ಮುದುಕಿ ನಡುವೆ ಮಾತು ಸಾಗಿಸುತ್ತಾಳೆ, ಬಾಳ್ಯಾ ಜೊತೆಗಿರುತ್ತಾನೆ. ಈರಣ್ಣ ಊರಲ್ಲಿಲ್ಲದ ಹೊತ್ತು ಸಂಬಂಧ ಬೆಳೆಯುತ್ತದೆ. ಸುದ್ದಿ ಈರಣ್ಣನಿಗೆ ಮುಟ್ಟಿದ ಮೇಲೆ ಅಣ್ಣತಮ್ಮಂದಿರು ಸೇರಿ ಸಂಗ್ಯಾನನ್ನು ಮುಗಿಸಲು ನಿಶ್ಚಯಿಸುತ್ತಾರೆ. ಅದಕ್ಕೆ ಅವರಿಗೆ ಬೇಕಾದದ್ದು ಬಾಳ್ಯಾ. ಬಾಳ್ಯಾ ಆಮಿಷಕ್ಕೆ ಬಲಿಬೀಳುತ್ತಾನೆ, ಗೆಳೆಯನನ್ನು ಒಪ್ಪಿಸುತ್ತಾನೆ, ಸಂಗ್ಯಾ ಸಾಯುತ್ತಾನೆ.

ಆಟದ ಹೆಸರನ್ನು ಗಮನಿಸಬೇಕು. ಪ್ರೇಮದ ಕಥೆಯಾಗಿದ್ದರೆ ಅದು ‘ಸಂಗ್ಯಾ ಗಂಗಿ’ ಆಗಬೇಕಿತ್ತು. ಸೇಡಿನ ಕಥೆಯಾಗಿದ್ದರೆ ಈರಣ್ಣನ ಹೆಸರು ಬರಬೇಕಿತ್ತು. ಜನ ಇಟ್ಟ ಹೆಸರು ಇಬ್ಬರು ಗೆಳೆಯರದು. ಗಂಡನ ಸೇಡನ್ನು ಪ್ರೇಕ್ಷಕರು ನಿರೀಕ್ಷಿಸಿಯೇ ಕೂತಿರುತ್ತಾರೆ. ಬಾಳ್ಯಾ ಸಂಗ್ಯಾನನ್ನು ಕರೆಯಲು ಬರುವ ದೃಶ್ಯವೇ ಆಟದ ತುದಿ. ಮಾತಿನಲ್ಲಿ ಹಳೆಯ ಸಲಿಗೆ ಹಾಗೆಯೇ ಇರುತ್ತದೆ, ಮೇಳದವರು ಸೊಲ್ಲನ್ನು ಇಳಿದನಿಯಲ್ಲಿ ಎಳೆಯುತ್ತಾರೆ, ದಪ್ಪಿನ ಪೆಟ್ಟು ತೆಳುವಾಗುತ್ತದೆ. ಕೂತವರಿಗೆ ಗೊತ್ತಿರುವುದು ಸಂಗ್ಯಾನಿಗೆ ಮಾತ್ರ ಗೊತ್ತಿರುವುದಿಲ್ಲ.

ಚಂದ್ರಶೇಖರ ಕಂಬಾರರು ಈ ಆಟವನ್ನು ಸಂಪಾದಿಸಿ ಪ್ರಕಟಿಸಿದರು, ಇಂಗ್ಲಿಷಿಗೂ ಅನುವಾದವಾಯಿತು, ಸಿನಿಮಾವೂ ಆಯಿತು. ಎಂ.ಎಂ. ಕಲಬುರ್ಗಿ ‘ಖರೇ ಖರೇ ಸಂಗ್ಯಾ ಬಾಳ್ಯಾ’ ಎಂಬ ನಾಟಕ ಬರೆದು ಜನಪ್ರಿಯ ಕಥೆಯ ಹಿಂದೆ ಇರುವ ನಿಜದ ಪ್ರಶ್ನೆಯನ್ನು ಎತ್ತಿಕೊಂಡರು. ಕಂಬಾರರ ‘ಜೋಕುಮಾರಸ್ವಾಮಿ’ಯಲ್ಲಿಯೂ ಹೆಣ್ಣು, ಗಂಡನ ಅಧಿಕಾರ ಮತ್ತು ಪ್ರಿಯಕರನ ಕೊಲೆ ಇವೆ. ಅಲ್ಲಿ ಜಗಳ ಹೊಲದ ಒಡೆತನಕ್ಕೂ ಹಬ್ಬುತ್ತದೆ.

ರಚನೆ

ಈ ಕಥೆಗಳ ಚಲನೆ ಸಾಮಾನ್ಯವಾಗಿ ಒಂದು ಅವಮಾನದಿಂದ ಶುರುವಾಗುತ್ತದೆ. ಕಟ್ಟದ ಕೊಡ, ಒಪ್ಪದ ದತ್ತಕ, ಬೆನ್ನಿನ ಕಲ್ಲು, ಓಣಿಯ ಗುಸುಗುಸು ಇವು ಆರಂಭದ ಬಿಂದುಗಳು. ನಾಯಕನಿಗೆ ಆಯುಧದಲ್ಲಿ ಸೋಲಿಲ್ಲ. ಸ್ನಾನ, ಊಟ, ನಿದ್ದೆ, ಗೆಳೆಯನ ಕರೆ ಹೀಗೆ ಆಯುಧ ಕೆಳಗಿಟ್ಟ ಗಳಿಗೆಯಲ್ಲಿ ಸಿಗುತ್ತಾನೆ. ಹಿಡಿದುಕೊಟ್ಟವನಿಗೆ ಇನಾಮು ಸಿಗುತ್ತದೆ, ಹಾಡಿನಲ್ಲಿ ಶಾಪವೂ ಸಿಗುತ್ತದೆ. ಕೊನೆಯ ನುಡಿಯಲ್ಲಿ ಕಚೇರಿ, ಕೈದು, ಗಲ್ಲು ಬರುತ್ತವೆ. 19ನೆಯ ಶತಮಾನದ ಕಥೆಗಳಲ್ಲಿ ಸೇಡಿನ ಸರಪಳಿಯನ್ನು ಕಡಿಯುವುದು ಕೋರ್ಟು. ಪರಶುರಾಮನಿಗೆ ಕೋರ್ಟು ಇರಲಿಲ್ಲ, ಹಾಗಾಗಿ 21 ಸಲ ತಿರುಗಬೇಕಾಯಿತು.

ಇಂಗ್ಲಿಷ್ ಸಾಹಿತ್ಯದೊಂದಿಗೆ ಹೋಲಿಕೆ

ಆರಂಭಕಾಲದ ಇಂಗ್ಲಿಷ್ ಸಾಹಿತ್ಯದಲ್ಲಿ ಇದೇ ವಸ್ತುಗಳು ಬೇರೆ ದಾರಿಯಲ್ಲಿ ಬಂದಿವೆ. ಅಫ್ರಾ ಬೆನ್ ಬರೆದ ‘ಊರೂನೋಕೊ’ 1688ರಲ್ಲಿ ಪ್ರಕಟವಾಯಿತು. ಆಫ್ರಿಕದ ರಾಜಕುಮಾರನೊಬ್ಬ ಹಡಗಿನ ಕಪ್ತಾನನ ಮೋಸದ ಆತಿಥ್ಯದಿಂದ ಗುಲಾಮನಾಗಿ ಸುರಿನಾಮಿಗೆ ಹೋಗಿ, ಅಲ್ಲಿ ದಂಗೆ ಎಬ್ಬಿಸಿ, ಹೆಂಡತಿಯನ್ನು ತಾನೇ ಕೊಂದು, ಸೇಡು ತೀರಿಸಲಾಗದೆ ಸಾಯುವ ಕಥೆ ಅದು. 1695ರಲ್ಲಿ ಥಾಮಸ್ ಸದರ್ನ್ ಅದನ್ನು ನಾಟಕ ಮಾಡಿದ. ನಂಬಿದವರ ನಡುವೆಯೇ ಸೆರೆ ಎಂಬ ಅಂಶ ರಾಯಣ್ಣನ ಕಥೆಯನ್ನು ನೆನಪಿಸುತ್ತದೆ. ಆದರೆ ಊರೂನೋಕೊನನ್ನು ಸೆರೆಹಿಡಿದವರು ಪರದೇಶಿಗಳು, ರಾಯಣ್ಣನನ್ನು ಹಿಡಿದುಕೊಟ್ಟವರು ಪಕ್ಕದ ಊರಿನವರು. ‘ಸಂಗ್ಯಾ ಬಾಳ್ಯಾ’ಕ್ಕೆ ಹೆಚ್ಚು ಹತ್ತಿರವಿರುವುದು 1592ರಲ್ಲಿ ಅಚ್ಚಾದ, ಕರ್ತೃ ಯಾರೆಂದು ನಿಶ್ಚಯವಾಗದ ‘ಆರ್ಡನ್ ಆಫ್ ಫೇವರ್‌ಶಾಮ್’ ನಾಟಕ. 1551ರಲ್ಲಿ ಕೆಂಟ್ ಪ್ರಾಂತದ ಸಣ್ಣ ಪೇಟೆಯಲ್ಲಿ ನಡೆದ ನಿಜವಾದ ಕೊಲೆ ಅದರ ವಸ್ತು. ಅಲ್ಲಿ ಹೆಂಡತಿ ಮತ್ತು ಪ್ರಿಯಕರ ಸೇರಿ ಗಂಡನನ್ನು ಕೊಲ್ಲುತ್ತಾರೆ. ಎರಡೂ ನಾಟಕಗಳು ಅರಸರಿಲ್ಲದೆ, ಮನೆ ಮತ್ತು ಓಣಿಯೊಳಗೆ ದುರಂತ ಸಾಧ್ಯವೆಂದು ತೋರಿಸಿದವು.

ಇಂಗ್ಲಿಷ್ ದುರಂತಗಳು ಕನ್ನಡದ ಶಿಷ್ಟ ರಂಗಕ್ಕೆ ರೂಪಾಂತರಗಳಾಗಿ ಬಂದವು. ಬಸವಪ್ಪ ಶಾಸ್ತ್ರಿಗಳ ‘ಶೂರಸೇನ ಚರಿತೆ’ ‘ಒಥೆಲೊ’ದಿಂದ, ಕುವೆಂಪು ಅವರ ‘ರಕ್ತಾಕ್ಷಿ’ ‘ಹ್ಯಾಮ್ಲೆಟ್’ನಿಂದ ಹುಟ್ಟಿದವು. ಮಲಪ್ರಭೆಯ ದಂಡೆಯ ಮೇಳಗಳು ಇವುಗಳಿಂದ ಏನನ್ನೂ ಪಡೆದ ಗುರುತಿಲ್ಲ.

ಸಂಗ್ರಹ ಮತ್ತು ಅಧ್ಯಯನ

ಲಾವಣಿಗಳನ್ನು ಮೊದಲು ಅಚ್ಚಿಗೆ ತಂದವರು ಮುಂಬಯಿ ಪ್ರಾಂತದ ಅಧಿಕಾರಿ, ಶಾಸನತಜ್ಞ ಜೆ.ಎಫ್. ಫ್ಲೀಟ್. 1880ರ ದಶಕದ ಉತ್ತರಾರ್ಧದಿಂದ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಅವರು ಕೊಟ್ಟ ಕನ್ನಡ ಲಾವಣಿಗಳಲ್ಲಿ ಸಂಗೊಳ್ಳಿ ರಾಯಣ್ಣ, ಕಿತ್ತೂರಿನ ಸೊಸೆ, ಹಲಗಲಿ ಬೇಡರು ಮತ್ತು ಸಂಗ್ಯಾನ ಸಾವು ಸೇರಿವೆ. ಆದಾಯ ತೆರಿಗೆಯ ಮೇಲಿನ ಒಂದು ಲಾವಣಿಯೂ ಇದೆ. ದಂಗೆಕೋರನನ್ನು ಗಲ್ಲಿಗೇರಿಸಿದ ಸರಕಾರದ ನೌಕರನೇ ಅವನ ಹಾಡನ್ನು ಬರೆದಿಟ್ಟ. ಮುಂದೆ ಧಾರವಾಡದ ವಿದ್ವಾಂಸರು ಈ ಕೆಲಸ ಬೆಳೆಸಿದರು. ಕಿತ್ತೂರಿಗೆ ಸಂಬಂಧಿಸಿದ ದಾಖಲೆ ಮತ್ತು ಹಾಡುಗಳನ್ನು ಕಿತ್ತೂರು ಸಂಸ್ಥಾನ ಸಾಹಿತ್ಯ ಎಂಬ ಹೆಸರಿನಲ್ಲಿ ಒಟ್ಟುಗೂಡಿಸುವುದರಲ್ಲಿ ಕಲಬುರ್ಗಿಯವರ ಪಾಲು ದೊಡ್ಡದು.

ಇಂದಿನ ಸ್ಥಿತಿ

ಕಿತ್ತೂರು ಕಥೆ ಸಿನಿಮಾದಿಂದ ರಾಜ್ಯದ ತುಂಬ ಹರಡಿತು. 1961ರಲ್ಲಿ ಬಿ.ಆರ್. ಪಂತುಲು ನಿರ್ದೇಶನದ ‘ಕಿತ್ತೂರು ಚೆನ್ನಮ್ಮ’ದಲ್ಲಿ ಬಿ. ಸರೋಜಾದೇವಿ ನಟಿಸಿದರು. 2012ರಲ್ಲಿ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ತೆರೆಕಂಡಿತು. ಪ್ರತಿ ಅಕ್ಟೋಬರ್ 23ರಿಂದ ಕಿತ್ತೂರು ಉತ್ಸವ ನಡೆಯುತ್ತದೆ, ಜನವರಿಯಲ್ಲಿ ಸಂಗೊಳ್ಳಿ ಉತ್ಸವ. ಸರಕಾರಿ ವೇದಿಕೆಯಲ್ಲಿ ಲಾವಣಿಗೆ ಸಿಗುವುದು ಹತ್ತು ನಿಮಿಷ. ಹೀಗಾಗಿ ಮೇಳಗಳು ಯುದ್ಧದ ನುಡಿಗಳನ್ನು ಇಟ್ಟುಕೊಂಡು ಸೆರೆವಾಸದ ನುಡಿಗಳನ್ನು ಬಿಡುತ್ತಿವೆ. ರಾತ್ರಿಯಿಡೀ ನಡೆಯುತ್ತಿದ್ದ ‘ಸಂಗ್ಯಾ ಬಾಳ್ಯಾ’ ಎರಡು ಗಂಟೆಗೆ ಇಳಿದಿದೆ, ಹವ್ಯಾಸಿ ತಂಡಗಳು ಅದನ್ನು ಒಳಾಂಗಣ ರಂಗಮಂದಿರಗಳಲ್ಲಿಯೂ ಆಡುತ್ತವೆ. ಚೌಡಿಕೆಯ ಹಾಡು ಜೋಗತಿಯರೊಂದಿಗೆ ಗುಡ್ಡದ ಜಾತ್ರೆಯಲ್ಲಿ ಉಳಿದಿದೆ. ಮುತ್ತು ಕಟ್ಟುವುದಕ್ಕೆ ನಿಷೇಧ ಬಂದ ಮೇಲೆ ಹೊಸ ಹಾಡುಗಾರ್ತಿಯರು ಆ ದಾರಿಯಿಂದ ಬರುವುದು ಕಡಿಮೆಯಾಗಿರುವುದರಿಂದ, ಈಗ ಹಾಡುವವರಲ್ಲಿ ಹೆಚ್ಚಿನವರು ವಯಸ್ಸಾದವರು. ಕಲಿಯಲು ಬರುವ ಹುಡುಗಿಯರು ಚೌಡಿಕೆಯನ್ನು ಕೈಗೆತ್ತಿಕೊಳ್ಳುತ್ತಾರೆ, ಕೊರಳಿಗೆ ಮುತ್ತು ಕಟ್ಟಿಸಿಕೊಳ್ಳುವುದಿಲ್ಲ.